ಊರು ತಿಳಿಯದ ಜಾಕ್

ನಮ್ಮ ಮಾವನವರಿಗೆ ಯಾರನ್ನು ಕಂಡರೂ ಮೊದಲು ಊರು ಕೇಳಬೇಕು. ಹೆಸರು ಆಮೇಲೆ, ಕೆಲಸ ಆಮೇಲೆ. ಎಷ್ಟೋ ಸಲ ಅವೆರಡನ್ನೂ ಕೇಳುವುದು ಮರೆತೇ ಹೋಗುತ್ತಿತ್ತು. ನಾಗಪುರಕ್ಕೆ ಬಂದ ಮೇಲೆ ಈ ಚಟ ಇನ್ನೂ ಹೆಚ್ಚಾಯಿತು. ಬಜಾಜ್ ನಗರದ ನಮ್ಮ ಬಾಡಿಗೆ ಮನೆಯ ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಕೂತರೆಂದರೆ ಹಾಲಿನವನು, ಪೋಸ್ಟಿನವನು, ಹೂವಿನವಳು ಯಾರೂ ಊರು ಹೇಳದೆ ಮುಂದೆ ಹೋಗುವಂತಿರಲಿಲ್ಲ. ಮಾವನವರಿಗೆ ಮರಾಠಿ ಬರುತ್ತಿರಲಿಲ್ಲ, ಹಿಂದಿ ಅಷ್ಟಕ್ಕಷ್ಟೆ. ಆದರೂ "ಗಾಂವ್ ಕೌನ್ಸಾ?" ಎಂಬುದೊಂದನ್ನು ಚೊಕ್ಕವಾಗಿ ಕಲಿತಿದ್ದರು. ಆ ಊರಿನ ಹೆಸರು ಕೇಳಿರಲಿ ಬಿಡಲಿ, ಎಲ್ಲ ಗೊತ್ತಿದ್ದವರಂತೆ ತಲೆಯಾಡಿಸುತ್ತಿದ್ದರು. ಬಂದವರು ಬೆಳಗಾವಿ ಕಡೆಯವರೆಂದೋ ಗದಗಿನವರೆಂದೋ ಗೊತ್ತಾದರಂತೂ ಮುಗಿಯಿತು. ಒಳಗೆ ಕರೆದು ಕೂರಿಸಿ "ಏನವಾ, ಚಾ ಇಡು" ಎಂದು ನನಗೆ ಆಜ್ಞೆ. ಹಾಲು ಇದೆಯೋ ಇಲ್ಲವೋ ಎಂಬುದು ನನ್ನ ತಲೆನೋವು.

ಮನುಷ್ಯರಿರಲಿ, ಸಾಮಾನುಗಳನ್ನೂ ಅವರು ಬಿಡುತ್ತಿರಲಿಲ್ಲ. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿ ಜೀವಮಾನವೆಲ್ಲ ದುಡಿದವರು. ಅಲ್ಲಿ ಕಬ್ಬಿಣದ ತುಂಡಿನ ಮೇಲೆ ಅದು ಎಲ್ಲಿ ತಯಾರಾಯಿತು ಎಂಬ ಮುದ್ರೆ ಇರುತ್ತಿತ್ತಂತೆ. ಅದನ್ನು ಓದದೆ ಸ್ಪ್ಯಾನರ್ ಎತ್ತುವುದು ಅವರಿಗೆ ರೂಢಿಯಿರಲಿಲ್ಲ. ಊಟಕ್ಕೆ ಕೂತರೆ ನೀರು ಕುಡಿದ ಲೋಟವನ್ನೂ ತಲೆಕೆಳಗು ಮಾಡಿ ನೋಡುವರು. ಒಮ್ಮೆ ಎದುರುಮನೆಯ ಮರಾಠಿಯವರು ಸತ್ಯನಾರಾಯಣ ಪೂಜೆಗೆ ಕರೆದಾಗ ಪ್ರಸಾದದ ತಟ್ಟೆಯನ್ನೇ ಎತ್ತಿ ಬುಡ ನೋಡಿದರು. ಶಿರಾ ಜಾರಿ ಧೋತರದ ಮೇಲೆ ಬಿತ್ತು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವರಿಗೆ ಮಾತ್ರ ಏನೂ ಅನ್ನಿಸಲಿಲ್ಲ. "ಭಂಡಾರಾ ಊರಿನ ಹಿತ್ತಾಳಿ ಐತಿ ಇದು" ಎಂದು ಪಕ್ಕದಲ್ಲಿ ಕೂತವರಿಗೆ ಕನ್ನಡದಲ್ಲೇ ತಿಳಿಸಿದರು.

ಅತ್ತೆ ತೀರಿಕೊಂಡ ಮೇಲೆ ನನ್ನವರು ಹಟ ಹಿಡಿದು ಅವರನ್ನು ನಾಗಪುರಕ್ಕೆ ಕರೆತಂದಿದ್ದರು. ಎಂಬತ್ತರ ದಶಕದ ನಡುವಿನ ವರ್ಷಗಳವು. ಖಾಪರಖೇಡಾದಲ್ಲಿ ವಿದ್ಯುತ್ ಸ್ಥಾವರ ಏಳುತ್ತಿತ್ತು. ಅಲ್ಲಿ ಯಂತ್ರ ಕೂರಿಸುವ ಒಂದು ಕಂಪನಿಯಲ್ಲಿ ನನ್ನವರಿಗೆ ಕೆಲಸ. ಬೆಳಗ್ಗೆ ಬಿಳಿ ಅಂಗಿಯಲ್ಲಿ ಕಂಪನಿ ಬಸ್ಸು ಹತ್ತಿದರೆ ಸಂಜೆ ಬೂದಿ ಬಣ್ಣದ ಅಂಗಿಯಲ್ಲಿ ಇಳಿಯುತ್ತಿದ್ದರು. ನಮಗಿನ್ನೂ ಮಕ್ಕಳಾಗಿರಲಿಲ್ಲ. ಹಗಲೆಲ್ಲ ಮನೆಯಲ್ಲಿ ನಾನು ಮತ್ತು ಮಾವನವರು ಇಬ್ಬರೇ. ನನಗೆ ಮೂಗಿನ ತುದಿಯಲ್ಲಿ ಸಿಟ್ಟು, ಅವರಿಗೆ ಬೇಕಾದಾಗ ಮಾತ್ರ ಕಿವಿ ಮಂದ. ಹಾಗಾಗಿ ಮಾತಿಗೆ ಮಾತು ಬೆಳೆದು ದಿನಕ್ಕೊಮ್ಮೆಯಾದರೂ ಜಗಳವಾಗುತ್ತಿತ್ತು. ಆದರೂ ಅವರಿಲ್ಲದ ಹಗಲನ್ನು ನನಗೆ ನೆನೆಸಿಕೊಳ್ಳಲೂ ಆಗುತ್ತಿರಲಿಲ್ಲ. ಅಷ್ಟು ದೂರದ ಊರಿನಲ್ಲಿ ನನ್ನ ಜೊತೆ ಕನ್ನಡದಲ್ಲಿ ಜಗಳವಾಡಲು ಇದ್ದವರು ಅವರೊಬ್ಬರೇ.

ಆ ವರ್ಷ ನನ್ನವರು ತಮ್ಮ ಬದುಕಿನ ಒಂದೇ ಒಂದು ದುಂದು ಮಾಡಿದರು. ವರ್ಗವಾಗಿ ಹೊರಟಿದ್ದ ಅಧಿಕಾರಿಯೊಬ್ಬರಿಂದ ಹಳೆಯ ಅಂಬಾಸಡರ್ ಕಾರು ಕೊಂಡರು. ಅದು ವಾರಕ್ಕೊಮ್ಮೆ ಓಡುತ್ತಿತ್ತು, ಉಳಿದ ದಿನ ಗೇಟಿನ ಪಕ್ಕ ನಿಂತು ನಾನು ಒಣಹಾಕಿದ ಹಪ್ಪಳ ಹೊರುತ್ತಿತ್ತು. ಡಿಕ್ಕಿಯಲ್ಲಿ ಸ್ಟೆಪ್ನಿ ಇತ್ತು, ಜಾಕ್ ಇರಲಿಲ್ಲ. ಹೊಸದು ತರೋಣ ಎಂದು ನನ್ನವರು ಹೇಳಿದ್ದಕ್ಕೆ ಮಾವನವರು ಅವಮಾನವಾದವರಂತೆ ನೋಡಿದರು.

"ಹೊಸಾದು ಯಾಕ? ಹಳೇದರಾಗಿನ ಕಬ್ಬಣ ಈಗ ಎಲ್ಲೈತಿ?"

ಒಂದು ಭಾನುವಾರ ಅಪ್ಪ ಮಗ ಇಬ್ಬರೂ ಇತವಾರಿ ಪೇಟೆಗೆ ಹೋಗಿ, ಕೈಗಾಡಿ ಟೆಂಪೊಗಳ ನಡುವೆ ನುಗ್ಗಾಡಿ, ಹಳೆ ಕಬ್ಬಿಣದ ರಾಶಿಯಿಂದ ಒಂದು ಬಾಟಲ್ ಜಾಕ್ ಎತ್ತಿಕೊಂಡು ಬಂದರು. ಕಾಯಿಪಲ್ಯಕ್ಕೆಂದು ನಾನು ಕೊಟ್ಟ ಚೀಲದ ಹೊಲಿಗೆ ಅದರ ಭಾರಕ್ಕೆ ಬಿಚ್ಚಿತ್ತು. ಕಾಯಿಪಲ್ಯ ಬಂದಿರಲಿಲ್ಲ. ದಪ್ಪ ಬಾಟಲಿಯ ಆಕಾರದ, ಒಳಗೆ ಎಣ್ಣೆ ತುಂಬುವ ಜಾಕ್ ಅದು. ಪಕ್ಕದ ಹಿಡಿಕೆಯನ್ನು ಮೇಲೆ ಕೆಳಗೆ ಆಡಿಸಿದರೆ ಎಣ್ಣೆಯ ಒತ್ತಡಕ್ಕೆ ನಡುವಿನ ಕಂಬ ಮೇಲೆದ್ದು ಕಾರನ್ನು ಎತ್ತುತ್ತದೆ. ಬುಡದ ಒಂದು ಸ್ಕ್ರೂ ಸಡಿಲಿಸಿದರೆ ಎಣ್ಣೆ ಹಿಂದಕ್ಕೆ ಹರಿದು ಕಂಬ ಇಳಿಯುತ್ತದೆ. ಈಗ ಇಷ್ಟು ಸಲೀಸಾಗಿ ಹೇಳುವ ನಾನು ಅಂದು ಅದನ್ನು ಕಂಡು, "ಇದೇನ್ರಿ ಮಾವಾರ, ಉಪ್ಪಿನಕಾಯಿ ಭರಣಿ ಇದ್ದಂಗ ಐತಲ್ಲ" ಎಂದಿದ್ದೆ.

"ನಿನ್ನ ಉಪ್ಪಿನಕಾಯಿ ಕಾರ್ ಎತ್ತತೈತೇನು?" ಎಂದರು.

ಈ ಜಾಕ್ ಕೂಡ ಎತ್ತುತ್ತಿರಲಿಲ್ಲ. ಎತ್ತಿದ ಹಾಗೆ ಮಾಡಿ ಮೆಲ್ಲಗೆ ಕುಸಿಯುತ್ತಿತ್ತು. ಮಾವನವರಿಗೆ ಅದರಿಂದ ಆದ ಸಂತೋಷ ಅಷ್ಟಿಷ್ಟಲ್ಲ. ಕೆಟ್ಟಿಲ್ಲದ ವಸ್ತುವಿನ ಜೊತೆ ಅವರಿಗೆ ಮಾತೇ ಇರುತ್ತಿರಲಿಲ್ಲ. ಹಿತ್ತಲಲ್ಲಿ ಗೋಣಿಚೀಲ ಹಾಸಿ ಅದನ್ನು ಬಿಚ್ಚಿ ಹರವಿದರು. ಕಂಬದ ಬುಡಕ್ಕೆ ಬಟ್ಟಲಿನಾಕಾರದ ಚರ್ಮದ ವಾಷರ್ ಇತ್ತು. ಅದು ಒಣಗಿ ಸುಕ್ಕುಗಟ್ಟಿತ್ತು. ಹೊಸ ಚರ್ಮ ತಂದು, ಕತ್ತರಿಸಿ, ಹರಳೆಣ್ಣೆಯಲ್ಲಿ ನೆನೆಸಿ, ಬಟ್ಟಲಿನ ಆಕಾರ ಬರಲೆಂದು ನನ್ನ ಅಡುಗೆಮನೆಯ ಒಂದು ಪುಟ್ಟ ಸ್ಟೀಲಿನ ಬಟ್ಟಲೊಳಗೆ ಒತ್ತಿ, ಮೇಲೆ ಕಲ್ಲು ಹೇರಿಟ್ಟರು. ತುಪ್ಪ ಬಡಿಸುವ ಬಟ್ಟಲು ಅದು. ನಾನು ಕೂಗಾಡಿದೆ. ಅಂದು ಅವರ ಕಿವಿ ಮಂದವಾಗಿತ್ತು.

ಜೋಡಿಸಿದ ಮೇಲೆ ಕಾರಿನ ಮುಂದಿನ ಗಾಲಿಯನ್ನು ಬೆಳಗ್ಗೆ ಎತ್ತಿ ನಿಲ್ಲಿಸಿ, ಕಂಬದ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ಸಂಜೆ ನನ್ನವರು ಬರುವ ತನಕ ಇಳಿಸಲಿಲ್ಲ. ಗೆರೆ ಕದಲಲಿಲ್ಲ. ಮಗ ಬಗ್ಗಿ ನೋಡಿ, "ಅಪ್ಪಾ, ಭಾರಿ ಆಗೇತಿ" ಎಂದ ಕೂಡಲೇ ಅವರ ಮುಖ ಎಷ್ಟು ಅರಳಿತೆಂದರೆ, ಅತ್ತೆ ಹೋದ ಮೇಲೆ ನಾನು ಆ ಮುಖವನ್ನು ಅಷ್ಟು ಅರಳಿದ್ದು ನೋಡಿರಲೇ ಇಲ್ಲ. ನನಗೂ ಖುಷಿಯಾಯಿತು. ಬಾಯಿಬಿಟ್ಟು ಹೇಳಿದ್ದು ಮಾತ್ರ, "ಆತಲ್ರಿ, ಇನ್ನ ನನ್ನ ಬಟ್ಟಲಾ ಕೊಡ್ರಿ" ಎಂದು.

ಕೆಲಸ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅದರ ಊರು ಗೊತ್ತಾಗಿರಲಿಲ್ಲವಲ್ಲ! ಜಾಕ್‌ಗೆ ಯಾರೋ ದಪ್ಪನೆ ನೀಲಿ ಬಣ್ಣ ಬಳಿದಿದ್ದರು. ಮಾರಿದವನು 'ಮಿಲಿಟರಿ ಕಾ ಮಾಲ್' ಎಂದಿದ್ದ, ಅಷ್ಟೇ. ಕಾಮ್‌ಟಿಯ ದಂಡಿನಿಂದ ಹರಾಜಿಗೆ ಬಂದದ್ದೋ, ಬ್ರಿಟಿಷರ ಕಾಲದ್ದೋ ಎಂದು ಮಾವನವರು ದಿನಾ ನನ್ನೆದುರು ತರ್ಕ ಮಾಡಿದರು. ಎಣ್ಣೆ ಹಾಕುವ ತೂತಿಗೆ ಒಂದು ರಬ್ಬರ್ ಬಿರಡೆ ಇತ್ತು. ಆ ಬಿರಡೆಯ ಸುತ್ತ, ಬಣ್ಣದ ಅಡಿಯಲ್ಲಿ, ಅಕ್ಷರಗಳಿದ್ದ ಹಾಗೆ ಬೆರಳಿಗೆ ತಾಗುತ್ತಿತ್ತಂತೆ. ನನ್ನ ಬೆರಳನ್ನೂ ಹಿಡಿದು ಅಲ್ಲಿ ಇಡಿಸಿದರು. ನನಗೆ ಏನೂ ತಾಗಲಿಲ್ಲ. "ಹೌದ್ರಿ, ಹೌದ್ರಿ" ಎಂದು ಒಲೆಯ ಮೇಲಿದ್ದ ಹಾಲಿನ ಕಡೆ ಓಡಿದೆ.

ಚಳಿ ಆಗಷ್ಟೇ ಶುರುವಾಗಿತ್ತು. ನಾಗಪುರದ ಬೇಸಿಗೆಯನ್ನು ಎಲ್ಲರೂ ಬೈಯುತ್ತಾರೆ, ಚಳಿಗಾಲದ ಬಿಸಿಲನ್ನು ಯಾರೂ ಹೊಗಳುವುದಿಲ್ಲ. ಬೆನ್ನಿಗೆ ಬಿಸಿಲು ಕೊಟ್ಟು ಸಂತ್ರಿ ಹಣ್ಣು ಸುಲಿಯುತ್ತಾ ಕೂತರೆ ಏಳಲು ಮನಸ್ಸೇ ಬರುವುದಿಲ್ಲ. ಅಂಥ ಒಂದು ಭಾನುವಾರ ಮಾವನವರು ಮೊಂಡು ಚಾಕು ಹಿಡಿದು ಜಾಕ್‌ನ ಬಣ್ಣ ಕೆರೆಯಲು ಕೂತರು. ಅಕ್ಷರಗಳು ಬಿರಡೆಯ ಅಂಚಿನ ಅಡಿಗೂ ಹೋಗಿದ್ದರಿಂದ ಬಿರಡೆ ಕಿತ್ತರು. ಅದು ಕಳೆದುಹೋಗಬಾರದೆಂದು ನನ್ನ ಚಟ್ನಿಪುಡಿ ಡಬ್ಬಿಯ ಮುಚ್ಚಳದಲ್ಲಿ ಇಟ್ಟರು. ನಾನು, ನನ್ನವರು ಸುತ್ತ ಕೂತು ಸಂತ್ರಿ ತಿನ್ನುತ್ತಾ ನೋಡುತ್ತಿದ್ದೆವು. ನೀಲಿಯ ಕೆಳಗೆ ಕೆಂಪು ಬಂತು, ಕೆಂಪಿನ ಕೆಳಗೆ ಪಾಚಿ ಹಸಿರು ಬಂತು. "ನೋಡ್, ಮಿಲಿಟರಿ!" ಎಂದು ಕುಣಿದರು. ಚೂರುಗಳು ಅಂಗಳದ ತುಂಬ ಹಾರುತ್ತಿದ್ದವು. ನಾನು ಗುಡಿಸಬೇಕಲ್ಲ ಎಂದು ಗೊಣಗಿದೆ.

ಕೊನೆಗೂ ಅಕ್ಷರ ಮೂಡಿದವು. ನನ್ನವರು ಬಗ್ಗಿ ಓದಿದರು: "ಮೇಡ್ ಇನ್." ಮುಂದೆ ಏನೂ ಇಲ್ಲ. ಊರಿನ ಹೆಸರು ಇರಬೇಕಾದ ಜಾಗವನ್ನು ಯಾರೋ ಎಂದೋ ಅರದಿಂದ ಉಜ್ಜಿ ನುಣ್ಣಗೆ ಮಾಡಿದ್ದರು. ನಾವಿಬ್ಬರೂ ಬಿದ್ದು ಬಿದ್ದು ನಕ್ಕೆವು. ಮಾವನವರು ನಗಲಿಲ್ಲ. ಆ ನುಣುಪಾದ ಜಾಗದ ಮೇಲೆ ಹೆಬ್ಬೆರಳು ಆಡಿಸಿ, "ಊರ ಇಲ್ದಾಂಗ ಮಾಡ್ಯಾರ ನೋಡ್ ಪಾಪ" ಎಂದರು. ಆಮೇಲೆ ಬಿರಡೆ ಒತ್ತಿ, ಕಾರನ್ನು ಒಮ್ಮೆ ಎತ್ತಿ ಇಳಿಸಿ ನೋಡಿ, ಜಾಕ್ ಅನ್ನು ಡಿಕ್ಕಿಯೊಳಗೆ ಇಟ್ಟರು.

ಅದಾಗಿ ಸ್ವಲ್ಪ ದಿನಕ್ಕೆ ರಾಮಟೇಕ್ ದೇವಸ್ಥಾನಕ್ಕೆ ಹೋಗೋಣವೆಂದು ಹೊರಟೆವು. ನಾನು ಬುತ್ತಿ ಕಟ್ಟಿ ಮುಗಿಸುವಷ್ಟರಲ್ಲಿ ಹಿಂದಿನ ಗಾಲಿಯಲ್ಲಿ ಗಾಳಿ ಇಲ್ಲವೆಂದು ಗೊತ್ತಾಯಿತು. ಮಾವನವರಿಗೆ ಅದು ಹಬ್ಬದ ಸುದ್ದಿ. ಜಾಕ್ ಇಟ್ಟು ತಾವೇ ಅದರ ಹಿಡಿಕೆಯ ಪಂಪು ಹೊಡೆದರು. ಕಾರು ಸರಸರನೆ ಎದ್ದಿತು. ನನ್ನವರು ಗಾಲಿ ಬಿಚ್ಚಿದರು. ಬಿಚ್ಚಿದ ನಟ್‌ಗಳಲ್ಲಿ ಒಂದು ಉರುಳಿ ಕಾರಿನಡಿಗೆ, ಬ್ರೇಕಿನ ಡ್ರಮ್ ಕೆಳಗೆ ಹೋಯಿತು. ನನ್ನವರು ಮಗ್ಗುಲಾಗಿ ಮಲಗಿ ಕೈ ಚಾಚಿದರು. ನಾನು ಬಾಗಿಲಲ್ಲಿ ಬುತ್ತಿ ಹಿಡಿದು ನಿಂತಿದ್ದೆ. ಸದ್ದು ಗಿದ್ದು ಏನೂ ಆಗಲಿಲ್ಲ. ಕಾರು ಮೆಲ್ಲಗೆ ಕೂತಿತು.

"ಅಪ್ಪಾ, ಕೈ" ಎಂದರು ನನ್ನವರು. ಕೂಗಲೂ ಇಲ್ಲ.

ಮಾವನವರು ಹಿಡಿಕೆಗೆ ಬಿದ್ದರು. ಪಂಪು ಹೊಡೆದರು, ಹೊಡೆದರು. ಹಿಡಿಕೆ ಮೇಲೆ ಕೆಳಗೆ ಆಡುತ್ತಿತ್ತು, ಕಾರು ಒಂದು ಕೂದಲೆಳೆಯಷ್ಟೂ ಏಳಲಿಲ್ಲ. ನಾನು ಬುತ್ತಿ ಎಸೆದು ಓಡಿ ಅವರ ಕೈಯಿಂದ ಹಿಡಿಕೆ ಕಿತ್ತುಕೊಂಡು ನಾನೂ ಹೊಡೆದೆ. ಬರೀ ನೀರಿನಲ್ಲಿ ಕೋಲಾಡಿಸಿದ ಹಾಗಿತ್ತು. ಮುಂದೆ ಏನು ಮಾಡಬೇಕೆಂದು ನನಗೂ ಗೊತ್ತಿಲ್ಲ, ಅವರಿಗೂ ಗೊತ್ತಿಲ್ಲ. ಇಬ್ಬರೂ ಒಬ್ಬರ ಕೈಯಿಂದೊಬ್ಬರು ಆ ಹಿಡಿಕೆ ಕಿತ್ತುಕೊಳ್ಳುತ್ತಿದ್ದೆವು. ನನ್ನವರು ಕಣ್ಣು ಮುಚ್ಚಿ ಮಲಗಿದ್ದರು. ಅವರ ಹಣೆಯ ಬೆವರು ಮಣ್ಣಿಗಿಳಿಯುವುದು ಕಾಣುತ್ತಿತ್ತು.

ಎದುರುಮನೆಯವರು ಓಡಿ ಬಂದು, "ವಹಿನಿ, ಬಾಜೂಲಾ ವ್ಹಾ" ಎಂದು ನನ್ನನ್ನು ಪಕ್ಕಕ್ಕೆ ಸರಿಸಿ, ಬೀದಿಯಲ್ಲಿ ಹೋಗುತ್ತಿದ್ದವರನ್ನೆಲ್ಲ ಕೂಗಿ ಕರೆದರು. ಎಲ್ಲರೂ ಸೇರಿ ಕಾರನ್ನು ಕೈಯಿಂದಲೇ ಎತ್ತಿದರು. ಕೈ ಹೊರಗೆ ಬಂತು. ಬಲಗೈ ಅದು. ನೋಡಿದ ಕೂಡಲೇ ಮಾವನವರು ನೆಲದ ಮೇಲೆ ಕೂತುಬಿಟ್ಟರು.

ಡಾಕ್ಟರರು ಕೈ ಉಳಿಸಿದರು. ಎರಡು ಬೆರಳು ಇನ್ನು ಮಡಚಲು ಬರುವುದಿಲ್ಲವೆಂದು ಮೊದಲೇ ಹೇಳಿದರು. ನನ್ನವರು ಅದನ್ನು ನುಂಗಿಕೊಂಡರು. "ಜೀವ ಹೋಗ್ಲಿಲ್ಲಲ್ಲ" ಎಂದು ನನಗೇ ಸಮಾಧಾನ ಹೇಳಿದರು. ನುಂಗಿಕೊಳ್ಳಲಾಗದೆ ಹೋದವರು ಮಾವನವರು. ಅವರು ಯಾರ ಮೇಲೂ ಹರಿಹಾಯಲಿಲ್ಲ, ಅಳಲಿಲ್ಲ, ನನ್ನ ತಪ್ಪಾಯಿತೆಂದೂ ಅನ್ನಲಿಲ್ಲ. ಸುಮ್ಮನಾದರು. ಮಗ ಎಡಗೈಯಲ್ಲಿ ಚಮಚ ಹಿಡಿದು ಅನ್ನ ಚೆಲ್ಲಿಕೊಂಡು ಉಣ್ಣುವುದನ್ನು ಒಂದು ದಿನ ನೋಡಿದರು. ಮಾರನೆಯ ದಿನದಿಂದ ಮಗ ಉಂಡು ಎದ್ದ ಮೇಲೆಯೇ ಊಟಕ್ಕೆ ಬರತೊಡಗಿದರು. ಅವರ ಸ್ಪ್ಯಾನರ್ ಪೆಟ್ಟಿಗೆ ಅಟ್ಟಕ್ಕೆ ಹೋಯಿತು. ನಾನು ಬೇಕೆಂದೇ ಜಗಳ ತೆಗೆದೆ. "ತಂಬಿಗಿ ಎಲ್ಲಿಟ್ರಿ?" "ನೀರ ಯಾಕ ಚೆಲ್ಲಿದ್ರಿ?" ಎಂದು ಕೆಣಕಿದೆ. "ತಪ್ಪಾತವಾ" ಎಂದುಬಿಟ್ಟರು. ಅಷ್ಟು ವರ್ಷದಲ್ಲಿ ಅವರು ನನಗೆ ಸೋತದ್ದು ಅದೇ ಮೊದಲು. ಆ ಗೆಲುವನ್ನು ಇಟ್ಟುಕೊಂಡು ಏನು ಮಾಡಲಿ? ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

ಒಂದು ಸಂಜೆ ಮಗನ ಮುಂದೆ ಬಂದು ನಿಂತು, ಗೋಡೆ ನೋಡುತ್ತಾ ಹೇಳಿದರು.

"ಹುಬ್ಬಳ್ಳಿಗೆ ತಿಕೀಟ ತಗಸು. ಅಕ್ಕನ ಮನ್ಯಾಗ ಇರ್ತೀನಿ."

ಅಕ್ಕ ಎಂದರೆ ನನ್ನವರ ಅಕ್ಕ, ನನ್ನ ನಾದಿನಿ. ಆ ಮನೆ ಅವರ ಅತ್ತೆ ಮಾವ ಮೈದುನರಿಂದ ತುಂಬಿ ತುಳುಕುತ್ತಿತ್ತು. ಅಲ್ಲಿ ಇವರಿಗೆ ಒಂದು ಮೂಲೆ ಸಿಕ್ಕೀತು ಅಷ್ಟೆ. ಎಷ್ಟು ಹೇಳಿದರೂ ಕೇಳಲಿಲ್ಲ. "ನನ್ನ ಕೈಲೆ ಆಗಬಾರದ್ದು ಆತು. ದಿನಾ ಆ ಕೈ ನೋಡ್ಕೋತ ನಾ ಹೆಂಗ ಇರ್ಲಿ?" ಎಂದರು.

ಉಪಾಯ ಹೊಳೆದದ್ದು ನನ್ನವರಿಗೆ. "ಜಾಕ್ ಬಿಚ್ಚಿ ನೋಡೋಣ" ಎಂದರು. "ಅಪ್ಪ ಹಾಕಿದ್ದು ಚರ್ಮದ ವಾಷರ್ ಒಂದ. ಅದು ಚಲೋ ಇದ್ರ ಅಪ್ಪಂದೇನೂ ತಪ್ಪಿಲ್ಲ. ಹಳೇ ಸಾಮಾನು, ತಾನ ಕೆಟ್ಟೈತಿ ಅಂತ ಆಗ್ತೈತಿ. ಕಣ್ಣಾರೆ ನೋಡಿದ್ರ ಅಪ್ಪ ನಂಬ್ತಾನ." ನನಗೂ ಸರಿ ಅನ್ನಿಸಿತು. ಮಾವನವರು ಉಳಿಯುವುದೋ ಹೋಗುವುದೋ ಆ ಚರ್ಮದ ಬಟ್ಟಲಿನ ಮೇಲೆ ನಿಂತಿತ್ತು.

ಮಧ್ಯಾಹ್ನ ಹಿತ್ತಲಿನ ಬಿಸಿಲಿಗೆ ಅದೇ ಗೋಣಿಚೀಲ ಹಾಸಿದೆವು. ಮಾವನವರನ್ನು ಕರೆದರೆ, "ನನ್ನ ಕೈ ಅದಕ್ಕ ಹತ್ತೂದು ಬ್ಯಾಡ" ಎಂದು ಮುಂದಿನ ಕೋಣೆಯಲ್ಲಿ ಪೇಪರ್ ಹಿಡಿದು ಕೂತರು. ನನ್ನವರ ಬಲಗೈ ಪಟ್ಟಿಯೊಳಗಿತ್ತು. ಹಾಗಾಗಿ ಸ್ಪ್ಯಾನರ್ ನನ್ನ ಕೈಗೆ ಬಂತು. ಅಟ್ಟದಿಂದ ಪೆಟ್ಟಿಗೆ ಇಳಿಸಿದವಳೂ ನಾನೇ. ನನ್ನವರು ಪಕ್ಕದಲ್ಲಿ ಕೂತು ಎಡಗೈಯಿಂದ ತೋರಿಸುವರು, ನಾನು ತಿರುಗಿಸುವುದು.

"ಆ ಕಡೆ ಅಲ್ಲ, ಈ ಕಡೆ."

"ಯಾವ ಕಡೆ ಅಂತ ಬರೋಬರ್ ಹೇಳ್ರಿ."

"ಬಿಗಿ ಮಾಡಾಕತ್ತೀಯಲ್ಲ ಮತ್ತ!"

ಸ್ಪ್ಯಾನರ್ ಜಾರಿ ನನ್ನ ಗೆಣ್ಣು ತರಚಿತು. ಎಣ್ಣೆ ಸೀರೆಗೆ ಚೆಲ್ಲಿತು. ಆದರೂ ಹಟಕ್ಕೆ ಬಿದ್ದು ಮೇಲಿನ ದೊಡ್ಡ ನಟ್ ಬಿಚ್ಚಿದೆ, ಹೊರಗಿನ ಕೊಳವೆ ಎತ್ತಿದೆ, ಕಂಬವನ್ನು ಎಳೆದೆ. ಅದು ಚುಯ್ ಎಂದು ಹೊರಗೆ ಬಂತು. ಬುಡದಲ್ಲಿ ವಾಷರ್. ನಾನು ಸೆರಗಿನಿಂದ ಒರೆಸಿದೆ. ನನ್ನ ತುಪ್ಪದ ಬಟ್ಟಲಿನ ಅಚ್ಚೇ ಅದು. ಒಂದು ಬಿರುಕಿಲ್ಲ, ಒಂದು ಸುಕ್ಕಿಲ್ಲ, ಅಂಚು ಎಲ್ಲ ಕಡೆಯೂ ಸಮ. ನನ್ನವರು ಬೆರಳು ಆಡಿಸಿ ನೋಡಿ ನಕ್ಕೇಬಿಟ್ಟರು. ಕೈ ಜಜ್ಜಿದ ಮೇಲೆ ಅವರು ಹಾಗೆ ನಕ್ಕಿರಲಿಲ್ಲ.

ನನಗೆ ತಡೆಯಲಾಗಲಿಲ್ಲ. ಎಣ್ಣೆ ಕೈಯಲ್ಲೇ ಮುಂದಿನ ಕೋಣೆಗೆ ಓಡಿದೆ.

"ಮಾವಾರ, ವಾಷರ್ ಗಟ್ಟಿ ಐತ್ರಿ! ಏನೂ ಆಗಿಲ್ಲ. ನಿಮ್ಮದೇನೂ ತಪ್ಪಿಲ್ರಿ!"

ಅವರು ಪೇಪರ್ ಕೆಳಗಿಟ್ಟರು. "ಹೌದ?" ಎಂದರು. ಎಷ್ಟೋ ದಿನದ ಮೇಲೆ ನನ್ನ ಮುಖ ನೋಡಿದರು. "ಬರೋಬರ್ ನೋಡಿದ್ರ್ಯಾ? ಅಂಚು ನೋಡಿದ್ರ್ಯಾ?" ಎಂದು ಕುರ್ಚಿಯ ಕೈ ಹಿಡಿದು ಏಳತೊಡಗಿದರು. "ಬರ್ರಿ, ನೀವ ನೋಡ್ರಿ" ಎಂದು ಹೇಳಿ, ಅವರ ಚಪ್ಪಲಿ ಹುಡುಕಿ ಕಾಲ ಬಳಿ ಇಟ್ಟು ನಾನು ಹಿತ್ತಲಿಗೆ ವಾಪಸು ಬಂದೆ.

ನನ್ನವರು ಅಷ್ಟರಲ್ಲಿ ಬುಡದ ಸ್ಕ್ರೂ ಸಡಿಲಿಸಿದ್ದರು. ಎಣ್ಣೆ ಹಿಂದಕ್ಕೆ ಬಿಡುವ ಸ್ಕ್ರೂ ಅದು. ಅದರ ಹಿಂದೆ ಗೋಲಿಯಂಥ ಪುಟ್ಟ ಉಕ್ಕಿನ ಗುಂಡು ಇರುತ್ತದೆ. ಸ್ಕ್ರೂ ಬಿಗಿ ಮಾಡಿದರೆ ಆ ಗುಂಡು ತೂತಿಗೆ ಒತ್ತಿ ಕೂತು ಎಣ್ಣೆಯನ್ನು ತಡೆಯುತ್ತದೆ. "ವಾಷರ್ ಅಲ್ಲ ಅಂದ್ರ ಇಲ್ಲೇ ಇರಬೇಕು. ಗುಂಡು ಸವದಿರತೈತಿ" ಎಂದರು. ಜಾಕ್ ಬೋರಲು ಹಾಕಿ ತಟ್ಟಿದೆ. ಗುಂಡು ಕೆಳಗಿಟ್ಟಿದ್ದ ತಟ್ಟೆಗೆ ಬಿತ್ತು. ಹೊಚ್ಚ ಹೊಸದರ ಹಾಗೆ ಹೊಳೆಯುತ್ತಿತ್ತು. ನನ್ನವರ ಮುಖ ಸ್ವಲ್ಪ ಇಳಿಯಿತು. "ತೂತಿನ ಬಾಯಾಗ ಏನರ ಐತೇನು ನೋಡು" ಎಂದರು. ತಲೆಯಿಂದ ಪಿನ್ನು ತೆಗೆದು ಕೆದಕಿದೆ. ಪಿನ್ನಿನ ತುದಿಗೆ ಅಂಟಿಕೊಂಡು ಎಳ್ಳಿಗಿಂತ ತುಸು ದೊಡ್ಡದಾದ ಒಂದು ಚೂರು ಬಂತು.

ಒರೆಸಿ ಅಂಗೈಯಲ್ಲಿ ಇಟ್ಟುಕೊಂಡೆ. ಮೇಲೆ ನೀಲಿ. ಮಗುಚಿದೆ, ಹಸಿರು. ಅಂಚಿನಲ್ಲಿ ನಡುವೆ ದಾರದಷ್ಟು ಕೆಂಪು.

ಇಬ್ಬರ ಕಣ್ಣ ಮುಂದೆಯೂ ಚಟ್ನಿಪುಡಿ ಡಬ್ಬಿಯ ಮುಚ್ಚಳ, ಅದರಲ್ಲಿ ಕೂತ ಬಿರಡೆ, ಬಾಯಿ ತೆರೆದ ತೂತಿನ ಸುತ್ತ ಕೆರೆಯುತ್ತಿದ್ದ ಮೊಂಡು ಚಾಕು. ಊರು ಹುಡುಕುವಾಗ ಒಳಗೆ ಬಿದ್ದ ಚೂರು ಅದು. ಎಣ್ಣೆಯ ಜೊತೆ ಸುತ್ತಾಡಿ, ಕಾರು ಇಳಿಸಿದಾಗ ಇಲ್ಲಿಗೆ ಬಂದು ಗುಂಡಿನ ಅಡಿ ಸೇರಿಕೊಂಡಿತ್ತು. ಆಗ ನಾವೂ ಅಲ್ಲೇ ಕೂತು ಸಂತ್ರಿ ತಿನ್ನುತ್ತಿದ್ದೆವು. ಬಿರಡೆ ಹಾಕಿ ಕೆರೆಯಿರಿ ಎನ್ನುವುದು ಮೂವರಲ್ಲಿ ಯಾರಿಗೂ ಹೊಳೆದಿರಲಿಲ್ಲ. ಆದರೆ ಅದನ್ನು ಹೇಳಿ ಪ್ರಯೋಜನವೇನು? ಚಾಕು ಇದ್ದದ್ದು ಅವರ ಕೈಯಲ್ಲಿ.

ಒಳಗಿನಿಂದ ಚಪ್ಪಲಿಯ ಸದ್ದು ಬರುತ್ತಿತ್ತು. ಕರೆದವಳು ನಾನೇ. ನನ್ನವರು ನನ್ನನ್ನು ನೋಡಿ ಸಣ್ಣಗೆ ತಲೆ ಅಲ್ಲಾಡಿಸಿದರು. ನಾನು ಮುಷ್ಟಿ ಮುಚ್ಚಿದೆ.

ಮಾವನವರು ಬಂದು ಗೋಣಿಚೀಲದ ಮೇಲೆ ಕೂತರು. ವಾಷರ್ ಎತ್ತಿ ಬಿಸಿಲಿಗೆ ಹಿಡಿದು ತಿರುಗಿಸಿ ನೋಡಿದರು. ಕಣ್ಣು ತುಂಬಿಕೊಂಡವು. "ಗಟ್ಟಿ ಐತಿ" ಎಂದರು. ಆಮೇಲೆ ಮಗನನ್ನು ಕೇಳಿದರು. "ಮತ್ತ? ಏನಾಗಿತ್ತು?"

"ಗುಂಡು ಸವದಿತ್ತು ಅಪ್ಪಾ" ಎಂದರು ನನ್ನವರು. "ಮೊದಲಿಂದ ಸವದಿರಬೇಕು. ಹೊರಗ ನೋಡಿದ್ರ ಗೊತ್ತಾಗೂದಿಲ್ಲ. ಯಾರಿಗೂ ಗೊತ್ತಾಗ್ತಿರಲಿಲ್ಲ."

"ಕೊಡು ಇಲ್ಲೆ."

ಕೊಡದೆ ದಾರಿಯಿರಲಿಲ್ಲ. ಗುಂಡು ತಟ್ಟೆಯಲ್ಲಿ ಕಣ್ಣಿಗೆ ಹೊಡೆಯುವಂತೆ ಬಿದ್ದಿತ್ತು. ಮಾವನವರು ಅದನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಉರುಳಿಸಿದರು. ಅಂಥವನ್ನು ಜೀವಮಾನವೆಲ್ಲ ಉರುಳಿಸಿ ನೋಡಿದ ಬೆರಳುಗಳವು. ಕೂದಲಷ್ಟು ಸವೆತವಿದ್ದರೂ ಅವಕ್ಕೆ ತಿಳಿಯುತ್ತಿತ್ತು. ಉರುಳಿಸುತ್ತಲೇ ಇದ್ದರು. ಆಮೇಲೆ ಬೋರಲು ಬಿದ್ದ ಜಾಕ್ ನೋಡಿದರು, ತಾವು ಕೆರೆದ ಜಾಗ ಮೇಲೆಯೇ ಇತ್ತು. ಮಗನ ಪಟ್ಟಿ ಕಟ್ಟಿದ ಕೈ ನೋಡಿದರು. ಕೊನೆಗೆ ನನ್ನ ಮುಚ್ಚಿದ ಮುಷ್ಟಿಯನ್ನು ನೋಡಿದರು. ಬಿಚ್ಚು ಎಂದು ಹೇಳಿಯಾರೆಂದು ಕಾದೆ. ಅವರು ಹೇಳಿದ್ದರೆ ಬಿಚ್ಚದೆ ಇರಲು ನನ್ನಿಂದಾಗುತ್ತಿರಲಿಲ್ಲ.

"ಹೌದು" ಎಂದರು. "ಸವದೈತಿ."

ಗುಂಡನ್ನು ಮೆಲ್ಲಗೆ ತಟ್ಟೆಗೆ ಹಾಕಿದರು. ಎದ್ದು ಕೈ ತೊಳೆದುಕೊಂಡು ಒಳಗೆ ಹೋದರು.

ಅಂದಿನ ಊಟಕ್ಕೆ ಮಗನ ಪಕ್ಕದಲ್ಲೇ ಕೂತರು. ಮಗನ ತಟ್ಟೆಯ ರೊಟ್ಟಿಯನ್ನು ತಾವೇ ಮುರಿದು, ಪಲ್ಯ ಹಚ್ಚಿ, ಎಡಗೈಗೆ ಕೊಟ್ಟರು. ಹುಬ್ಬಳ್ಳಿಯ ಮಾತು ಮತ್ತೆ ಬರಲಿಲ್ಲ. ನಮಗೆ ಬೇಕಾಗಿದ್ದುದು ಸಿಕ್ಕಿತ್ತು, ಆದರೂ ನಾನು ಅರ್ಧ ರೊಟ್ಟಿಗೇ ಎದ್ದೆ. ನಾವು ಅವರಿಗಾಗಿ ಸುಳ್ಳು ಹೇಳಿದ್ದೆವು, ಅವರು ನಮಗಾಗಿ ಅದನ್ನು ಒಪ್ಪಿಕೊಂಡಿದ್ದರು. ಅದರ ಭಾರ ಅವರೊಬ್ಬರ ಮೇಲೆಯೇ ಉಳಿಯಿತು, ಎತ್ತಲು ನಮ್ಮಿಬ್ಬರಿಂದ ಆಗಲಿಲ್ಲ. ಆ ಚೂರನ್ನು ನಾನು ಅಂದೇ ಒಲೆಗೆ ಹಾಕಿದ್ದೆ.

ಮುಂದೆ ಕೆಲವು ತಿಂಗಳಿಗೆ ನಮ್ಮ ಪಕ್ಕದ ಮನೆಗೆ ವಾಯುಸೇನೆಯ ಒಂದು ಕುಟುಂಬ ಬಂತು. ಗಂಡ ಹೆಂಡತಿ ಟ್ರಕ್ಕಿನಿಂದ ಸಾಮಾನು ಇಳಿಸಿಕೊಳ್ಳುತ್ತಾ, "ಜ್ವಾಕಿ, ಜ್ವಾಕಿ, ಕನ್ನಡಿ ಐತಿ ಅದರಾಗ" ಎಂದು ದೊಡ್ಡ ದನಿಯಲ್ಲಿ ಮಾತಾಡುವುದು ನನ್ನ ಅಡುಗೆಮನೆಗೇ ಕೇಳಿಸಿತು. ನಮ್ಮ ಕಡೆಯ ಮಾತು! ಮಾವನವರು ಎಂದಿನಂತೆ ಗೇಟಿನ ಹತ್ತಿರ ಕುರ್ಚಿಯಲ್ಲಿ ಪೇಪರ್ ಹಿಡಿದು ಕೂತಿದ್ದರು. ನಾನು ಆಜ್ಞೆ ಬರುವ ಮುಂಚೆಯೇ ಚಹಕ್ಕೆ ನೀರಿಟ್ಟೆ. ಹಾಲು ಇದೆಯೆಂದು ನೋಡಿಕೊಂಡೆ. ಕಾದೆ. ನೀರು ಕುದಿಯಿತು. ಅವರ ದನಿ ಬರಲಿಲ್ಲ. ಆಗಲೇ ನನಗೆ ಹೊಳೆದದ್ದು, ಎಷ್ಟೋ ದಿನದಿಂದ ಹಾಲಿನವನೂ ಹೂವಿನವಳೂ ಊರಿನ ಮಾತಿಲ್ಲದೆಯೇ ನಮ್ಮ ಗೇಟು ದಾಟಿ ಹೋಗುತ್ತಿದ್ದಾರೆ ಎಂದು.

ನಾನು ಕೈ ಒರೆಸಿಕೊಂಡು ಹೊರಗೆ ಹೋದೆ. ಅವರ ಕುರ್ಚಿಯ ಪಕ್ಕದಲ್ಲಿ ನಿಂತು, ಅವರಿಗೆ ಕೇಳುವಷ್ಟು ಗಟ್ಟಿಯಾಗಿ, ಆ ಹೆಂಗಸನ್ನು ನಾನೇ ಕೇಳಿದೆ.

"ಯಾವೂರ್ರಿ ನಿಮ್ಮದು?"

"ಗದಗ್ರಿ!" ಎಂದಳು ಆಕೆ, ಸಂತೋಷದಿಂದ.

ಮಾವನವರು ತಲೆ ಎತ್ತದೆ ಪೇಪರಿನ ಹಾಳೆ ತಿರುವಿದರು.